ಮಣ್ಣಿನ ಮೇಷ್ಟ್ರಿಗೆ ಬೇಕಾಗಿದ್ದದ್ದು

ಮೌಲ್ಯಮಾಪನ ಸಮಿತಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಬೆರಳುಗಳ ಯೋಗ್ಯತೆಯ ಮೇಲೆ. ತಲೆಯ ವಿಚಾರವನ್ನು ಸಂದರ್ಶನದಲ್ಲಿ ಯಾರೂ ಎತ್ತಲಿಲ್ಲ, ನಾನಾಗಿ ಎತ್ತುವ ಹಾಗೂ ಇರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಧ್ವನಿಮುದ್ರಣ ಕೇಳಬೇಕು, ಕೇಳಿದ್ದನ್ನು ಕೇಳಿದ ಹಾಗೆಯೇ ಟೈಪ್ ಮಾಡಬೇಕು, ಹೊರಗೆ ಬಾಯಿ ಬಿಡಬಾರದು. ಇಷ್ಟೇ ಕೆಲಸ. ಅಕ್ಕ ಮಾತ್ರ ಮೆಟ್ಟಿಲಲ್ಲಿ ಸಿಕ್ಕ ನೆರೆಯವರಿಗೆಲ್ಲ "ನಮ್ಮ ತಮ್ಮ ಈಗ ಕುಲಪತಿಗಳನ್ನೇ ಅಳೀತಾನೆ" ಎಂದು ಹೇಳಿಕೊಂಡು ಬಂದಿದ್ದಳು. ಹಾಗೆ ಅಳೆಯುವವನ ಅಂಗಿಗೆ ಗುಂಡಿ ಹಾಕಿಕೊಡುತ್ತಿದ್ದವಳೂ ಅವಳೇ ಆದ್ದರಿಂದ ನಾನು ತಿದ್ದಲು ಹೋಗಲಿಲ್ಲ.

ಅಳೆಯಬೇಕಾಗಿದ್ದ ಮನುಷ್ಯನನ್ನು ಆ ವಿಶ್ವವಿದ್ಯಾಲಯದಲ್ಲಿ ಯಾರೂ ಕುಲಪತಿ ಎಂದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಮಣ್ಣಿನ ಮೇಷ್ಟ್ರು. ಬದುಕಿನ ಅರ್ಧ ಪಾಲು ಮಣ್ಣಿನ ಬಗ್ಗೆ ಪಾಠ ಹೇಳಿದವರು. ಹಿಂದಿನ ಕುಲಪತಿ ಅವಧಿ ಮುಗಿಯುವ ಮುನ್ನವೇ ಇನ್ನೂ ದೊಡ್ಡ ಕುರ್ಚಿ ಹುಡುಕಿಕೊಂಡು ಹೋದಾಗ, ಹಿರಿಯ ಪ್ರಾಧ್ಯಾಪಕರಲ್ಲಿ ಎರಡು ಗುಂಪುಗಳು ಒಂದರ ಮುಖ ಒಂದು ನೋಡಲಾರದೆ, ಎರಡಕ್ಕೂ ತೊಂದರೆ ಕೊಡದ ಒಬ್ಬರನ್ನು ಹುಡುಕುತ್ತ ಬಂದವು. ಆಗ ಇವರು ಪ್ರಯೋಗಾಲಯದಲ್ಲಿ ಕೈ ತೊಳೆಯುತ್ತಿದ್ದರಂತೆ. "ಸ್ವಲ್ಪ ದಿನ ನೋಡ್ಕೊಳ್ಳಿ ಮೇಷ್ಟ್ರೇ" ಎಂದರು. ಆ ಸ್ವಲ್ಪ ದಿನ ಎಳೆದೂ ಎಳೆದೂ ಎರಡು ವರ್ಷವಾಗಿತ್ತು. 'ಪ್ರಭಾರ ಕುಲಪತಿ' ಎಂಬ ಹುದ್ದೆಯಲ್ಲಿ ಆ ಮೊದಲನೆಯ ಪದ, ತೆಗೆಯಲು ಮರೆತ ಬೆಲೆಚೀಟಿಯ ಹಾಗೆ ಅವರ ಬೆನ್ನಿಗೆ ಅಂಟಿಕೊಂಡಿತ್ತು. ಈಗ ಆಡಳಿತ ಮಂಡಳಿಗೆ ಎಚ್ಚರವಾಗಿ, ಇವರನ್ನೇ ಖಾಯಂ ಮಾಡಬೇಕೋ ಹೊರಗಿನಿಂದ ಒಬ್ಬರನ್ನು ತರಬೇಕೋ ನೋಡಿ ಹೇಳಿ ಎಂದು ಮೂವರ ಸಮಿತಿಯನ್ನು ಕಳಿಸಿತ್ತು. ಅಧ್ಯಕ್ಷೆ ಬೇರೊಂದು ವಿಶ್ವವಿದ್ಯಾಲಯವನ್ನು ಆಳಿ ನಿವೃತ್ತರಾದವರು. ಉಳಿದ ಇಬ್ಬರು, ಅವರು ತಲೆಯಾಡಿಸಿದಾಗ ತಾವೂ ಆಡಿಸುತ್ತಿದ್ದರು.

ನನಗೆ ಕೊಟ್ಟಿದ್ದು ಕುಲಪತಿಗಳ ಕಚೇರಿಯ ಪಕ್ಕದ ಸಣ್ಣ ಕೋಣೆ. ಮೊದಲ ಬೆಳಿಗ್ಗೆ ಯಾರೋ ಬಾಗಿಲಿನಿಂದ ಇಣುಕಿದರು. ತೋಳು ಮಡಚಿದ ಅಂಗಿ, ಒಂದು ಕಡೆ ವಾಲಿದ ಕನ್ನಡಕ. ಎಲೆಕ್ಟ್ರಿಷಿಯನ್ ಇರಬೇಕು ಅಂದುಕೊಂಡು "ಆ ಮೂಲೆಯ ಪ್ಲಗ್ ಕೆಲಸ ಮಾಡ್ತಿಲ್ಲ, ನೋಡಿ" ಎಂದೆ. ಅವರು ಹೋಗಿ ಬಗ್ಗಿ ನಿಜವಾಗಿಯೂ ನೋಡಿದರು.

"ಹೌದು, ಸತ್ತಿದೆ. ಟೇಬಲ್ಲೂ ಅಲ್ಲಾಡುತ್ತಾ?"

"ಸ್ವಲ್ಪ."

"ನೀವು ನಾನಾಗಿದ್ರೆ ಏನು ಮಾಡ್ತಿದ್ರಿ?"

"ಟೇಬಲ್ಲನ್ನ ಆ ಗೋಡೆಗೆ ಹಾಕ್ತಿದ್ದೆ. ಅಲ್ಲಿ ಪ್ಲಗ್ ಸರಿಯಿದೆ, ನೆಲಾನೂ ಸಮ ಇದೆ."

"ಹಿಡೀರಿ ಹಾಗಾದ್ರೆ ಆ ಕಡೆ." ಇಬ್ಬರೂ ಹೊತ್ತು ಗೋಡೆಗೆ ಸೇರಿಸಿದೆವು. ಅವರು ಕೈ ಕೊಡವಿಕೊಂಡು, "ಸರಿಹೋದ್ರೆ ನಿಮ್ಮ ಹೆಸರು. ಕೆಟ್ರೆ ನನ್ನ ಹೆಸರು ಹೇಳಿ" ಎಂದರು.

"ನಿಮ್ಮ ಹೆಸರು ಏನಂತ ಹೇಳ್ಲಿ?"

"ಪ್ರಭಾರ ಕುಲಪತಿ ಅಂದ್ರೆ ಸಾಕು, ಎಲ್ರಿಗೂ ಗೊತ್ತಾಗುತ್ತೆ."

ನನ್ನ ಮುಖದ ಬಣ್ಣ ಆಗ ಏನಾಗಿತ್ತೋ ಗೊತ್ತಿಲ್ಲ. ಅವರಂತೂ ಆ ಬಣ್ಣ ನೋಡಿ ಬಹಳ ಖುಷಿಪಟ್ಟರು.

ಆಮೇಲೆ ತಿಳಿಯಿತು, ಅವರ ಆಡಳಿತವೆಂದರೆ ಇಷ್ಟೇ. ಯಾರಾದರೂ ದೂರು ತಂದರೆ ಕುರ್ಚಿಯಲ್ಲಿ ಕೂತು ಕೇಳುವವರಲ್ಲ. ದೂರು ತಂದವರನ್ನೇ ಜೊತೆಗೆ ಕರೆದುಕೊಂಡು ಆ ಜಾಗಕ್ಕೆ ನಡೆದುಬಿಡುತ್ತಿದ್ದರು. ಅಲ್ಲಿ ನಿಂತು, ನೀವು ನಾನಾಗಿದ್ರೆ ಏನು ಮಾಡ್ತಿದ್ರಿ ಎಂದು ಕೇಳುತ್ತಿದ್ದರು. ಎದುರಿನವರು ತಡವರಿಸಿ ಏನೋ ಒಂದು ಹೇಳಿದರೆ, ಹಾಗೇ ಮಾಡಿ, ಸರಿಹೋದ್ರೆ ನಿಮ್ಮ ಹೆಸರು, ಕೆಟ್ರೆ ನನ್ನ ಹೆಸರು. ಆ ಮಾತನ್ನು ಜನ ಎಷ್ಟು ಪ್ರಾಮಾಣಿಕವಾಗಿ ಪಾಲಿಸುತ್ತಿದ್ದರು ಎಂಬುದು ನನಗೆ ಹೆಡ್‌ಫೋನ್ ಹಾಕಿಕೊಂಡ ಮೇಲೆ ಗೊತ್ತಾಯಿತು.

ಅದಕ್ಕೂ ಮೊದಲು ಇನ್ನೊಂದು ವಿಷಯ. ಒಂದು ಮಧ್ಯಾಹ್ನ ಅವರು ನನ್ನನ್ನು ತಮ್ಮ ಕೋಣೆಗೆ ಕರೆದರು. ಆ ಕೋಣೆ ನೋಡಿದರೆ ಬಾಡಿಗೆದಾರ ಮೊದಲ ದಿನ ಬಂದು ಕೂತ ಹಾಗಿತ್ತು. ಗೋಡೆಯ ತುಂಬ ಹಿಂದಿನ ಕುಲಪತಿ ಯಾರ ಯಾರದೋ ಕೈ ಕುಲುಕುತ್ತಿರುವ ಚಿತ್ರಗಳು. ಮೇಷ್ಟ್ರ ಚೀಲ ಮೇಜಿನ ಕೆಳಗೆ ಮುದುರಿಕೊಂಡಿತ್ತು. ತಾವೂ ದೊಡ್ಡ ಕುರ್ಚಿ ಬಿಟ್ಟು ಅತಿಥಿಗಳ ಕುರ್ಚಿಯಲ್ಲೇ ಕೂತಿದ್ದರು. ಕುಲಪತಿಗಳಿಗೆಂದೇ ಇದ್ದ ಬೆಟ್ಟದಂಥ ಬಂಗಲೆ ಖಾಲಿ ಬಿದ್ದಿದ್ದರೂ ಅಲ್ಲಿಗೆ ಹೋಗದೆ, ಹಳೆಯ ಮೂರನೇ ಮಹಡಿಯ ಮನೆಯಿಂದಲೇ ನಡೆದು ಬರುತ್ತಿದ್ದರು.

"ನೀವು ಸಮಿತಿಯವರಾ?" ಎಂದು ಕೇಳಿದರು.

"ಅಲ್ಲ ಸಾರ್. ನಾನು ಬರೀ ಟೈಪಿಸ್ಟು."

"ಹಾಗಾದ್ರೆ ಹೇಳಬಹುದು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನಗೆ ಈ ಕೆಲಸ ಬೇಕು ಕಣಪ್ಪ."

ನಾನು ತಲೆಯಾಡಿಸಿದೆ. ಸಮಿತಿಯಲ್ಲಿ ಇದ್ದು ಇದ್ದು ಅದು ಅಭ್ಯಾಸವಾಗಿತ್ತು.

"ಮಣ್ಣು ಒಳ್ಳೇದೇ. ಆದ್ರೆ ಅದು ಜಗಳ ಆಡಲ್ಲ ನೋಡಿ. ಇಲ್ಲಿ ಬೆಳಿಗ್ಗೆ ಬಂದ್ರೆ ಇಬ್ಬರು ಮುಖ ಊದಿಸ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಸಂಜೆ ಒಂದೇ ಬಸ್ಸಲ್ಲಿ ನಗ್ತಾ ಹೋಗ್ತಾರೆ. ಮಧ್ಯೆ ನಾನು ಏನೋ ಮಾಡಿದೀನಿ ಅಂತ ನನಗೆ ಮಾತ್ರ ಗೊತ್ತಿರುತ್ತೆ. ಆ ಸುಖ ಇದೆಯಲ್ಲ… ಈ ವಯಸ್ಸಲ್ಲಿ ಹೊಸ ಆಸೆ ಹುಟ್ಟಬಾರದು. ಹುಟ್ಟಿಬಿಟ್ಟಿದೆ."

"ಮನೇಲಿ ಹೇಳಿದೀರಾ ಸಾರ್?"

"ನನ್ನ ಹೆಂಡತಿ 'ಪಾಪ, ಯಾವಾಗ ಬಿಡ್ತಾರೋ ನಿಮ್ಮನ್ನ' ಅಂತ ದಿನಾ ಬೆನ್ನು ನೇವರಿಸ್ತಾಳೆ. ಅಷ್ಟು ಮರುಕಕ್ಕೆ ಎದುರಾಡೋದು ಹೇಗೆ? ನೀವೂ ಯಾರಿಗೂ ಹೇಳ್ಬೇಡಿ. ಆಸೆಪಟ್ಟಿದ್ದ, ಸಿಗಲಿಲ್ಲ ಅಂತ ಆದ್ರೆ ಮುಖ ಎಲ್ಲಿಡೋದು?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಾಯಿ ಮುಚ್ಚಿಕೊಂಡಿರುವುದೇ ನನ್ನ ಉದ್ಯೋಗವಾದ್ದರಿಂದ ಅದರಲ್ಲಿ ವಿಶೇಷ ತ್ಯಾಗವೇನೂ ಕಾಣಲಿಲ್ಲ.

ಧ್ವನಿಮುದ್ರಣಗಳು ಬರತೊಡಗಿದವು. ಲೈಬ್ರೇರಿಯನ್ ಮೇಡಂ ಮೊದಲು. ಓದುವವರ ತಲೆ ಮೇಲೆ ನಿಂತರೂ ಸದ್ದಾಗದ ಚಪ್ಪಲಿ, ಒಂದು ಮಾತಿಗೆ ಮೂರು ಮೊನೆಯಿರುವ ನಾಲಿಗೆ. ಪರೀಕ್ಷೆಯ ದಿನಗಳಲ್ಲಿ ಓದುವ ಕೋಣೆಯನ್ನು ಹೆಚ್ಚು ಹೊತ್ತು ತೆರೆದಿಟ್ಟಿದ್ದು ಯಾರು ಎಂದು ಅಧ್ಯಕ್ಷೆ ಕೇಳಿದರೆ, "ನಾನೇ" ಎಂದರು. ಪುಸ್ತಕ ಹಿಂದಿರುಗಿಸಲು ಗೋಡೆಯಲ್ಲಿ ಕಿಂಡಿ ಕೊರೆಸಿ, ಅದರ ಆ ಕಡೆ ಕೈ ತೊಳೆಯುವ ಬೇಸಿನ್ ಇರುವುದನ್ನು ಯಾರೂ ನೋಡದೆ, ವಾರವಿಡೀ ಪುಸ್ತಕಗಳು ಸ್ನಾನ ಮಾಡಿದ್ದು ಯಾರಿಂದ ಎಂದರೆ, "ಪ್ರಭಾರ ಕುಲಪತಿಗಳು." ಹಾಸ್ಟೆಲ್ ವಾರ್ಡನ್ ಎರಡನೆಯವರು. ದೇಹದಷ್ಟೇ ದೊಡ್ಡ ದನಿ. ನಾನು ಹೆಡ್‌ಫೋನ್ ಸ್ವಲ್ಪ ದೂರ ಹಿಡಿದು ಕೇಳಬೇಕಾಯಿತು. ಬಿಸಿನೀರು ಬಂದಿದ್ದು ಅವರಿಂದ. ಹುಡುಗರು ಗೋಡೆಯ ಮೇಲೆ ಗೀಚುವುದನ್ನು ತಪ್ಪಿಸಲು ಪಡಸಾಲೆಗೆಲ್ಲ ಕಪ್ಪು ಹಲಗೆಯ ಬಣ್ಣ ಬಳಿಸಿ, ಹುಡುಗರು ಅಲ್ಲಿ ವಾರ್ಡನ್ನರ ಹೊಟ್ಟೆಯ ಚಿತ್ರವನ್ನೇ ಬರೆದು ಬಣ್ಣ ತುಂಬಿದ್ದು ಪ್ರಭಾರ ಕುಲಪತಿಗಳಿಂದ. ಮೂರನೆಯವರು ಬಸ್ಸುಗಳ ಉಸ್ತುವಾರಿ ನೋಡುವವರು. ಸಮಯಕ್ಕೆ ಸರಿಯಾಗಿ ಬರುವ ಬಸ್ಸು ಅವರದು. ಬಸ್ಸು ತೂರದ ಹೊಸ ಗೇಟು ಪ್ರಭಾರ ಕುಲಪತಿಗಳದು.

ಇದೆಲ್ಲ ಮಾತಿನ ಪ್ರಕಾರ ನಡೆದಿದೆ ಬಿಡು ಎಂದುಕೊಂಡೆ. ಆದರೆ ಲೈಬ್ರೇರಿಯನ್ ಮಾತಿನ ಕೊನೆಗೆ ಯಂತ್ರ ಆರಿಸುವುದನ್ನು ಯಾರೋ ಮರೆತಿದ್ದರು. ಕುರ್ಚಿ ಸರಿದ ಸದ್ದು, ಬಾಗಿಲು, ಆಮೇಲೆ ಒಳಗೆ ಬರುತ್ತಿದ್ದ ವಾರ್ಡನ್ನರಿಗೆ ಅವರು ಪಿಸುಗುಟ್ಟಿದ್ದು:

"ರೀ, ಒಳ್ಳೇದು ಜಾಸ್ತಿ ಹೇಳ್ಬೇಡಿ. ಹೊಗಳಿದ್ರೆ ಖಾಯಂ ಮಾಡಿಬಿಡ್ತಾರೆ. ಪಾಪ, ಆ ಮನುಷ್ಯ ಎರಡು ವರ್ಷದಿಂದ ಬಿಡುಗಡೆಗೆ ಕಾಯ್ತಾ ಇದೆ."

"ಅಯ್ಯೋ, ನನಗೆ ಗೊತ್ತಿಲ್ವಾ? ದಿನಾ ಸಂಜೆ ತನ್ನ ಹಳೇ ಲ್ಯಾಬಿಗೆ, ಆ ಮಣ್ಣಿನ ರೂಮಿಗೆ ಹೋಗಿ ಕೂತಿರುತ್ತೆ. ಕರುಳು ಚುರ್ ಅನ್ನುತ್ತೆ."

"ಅದಕ್ಕೇ ನಾನು ಎಲ್ಲಾ ತಪ್ಪನ್ನೂ ಅವರ ತಲೆಗೇ ಕಟ್ಟಿ ಬಂದೆ. ನೀವೂ ಒಂದೆರಡು ಕಟ್ಟಿ. ಪುಣ್ಯ ಬರುತ್ತೆ."

ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. ಇದನ್ನು ಟೈಪ್ ಮಾಡಬೇಕೋ ಬಿಡಬೇಕೋ? ಅಧ್ಯಕ್ಷೆಯನ್ನು ಕೇಳಿದೆ. "ಹೇಳಿಕೆ ಮುಗಿದ ಮೇಲಿನ ಮಾತು ಬೇಡ" ಎಂದು ಅವರು ಕೈಯಲ್ಲಿದ್ದದ್ದನ್ನೇ ಓದುತ್ತ ಹೇಳಿದರು. ಏನು ಮಾತು ಎಂದು ಕೇಳಲಿಲ್ಲ.

ಇಡೀ ವಿಶ್ವವಿದ್ಯಾಲಯ ಒಬ್ಬ ಮನುಷ್ಯನ ಕೆಲಸವನ್ನು ಪ್ರೀತಿಯಿಂದ ಕಳೆಯಲು ಹೊರಟಿತ್ತು. ಅದು ಗೊತ್ತಿದ್ದವನು ನಾನೊಬ್ಬ. ಸಿಬ್ಬಂದಿಗೆ ಹೇಳಿದರೆ ಮೇಷ್ಟ್ರಿಗೆ ಕೊಟ್ಟ ಮಾತು ಹೋಗುತ್ತದೆ, ಮೇಷ್ಟ್ರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಧೀರರು ಏನೋ ಒಂದು ಮಾಡುತ್ತಾರೆ. ನಾನು ಸುಳಿವು ಕೊಡಲು ಹೊರಟೆ.

ಪುಸ್ತಕದ ಕಪಾಟಿನ ಹತ್ತಿರ ಲೈಬ್ರೇರಿಯನ್ ಸಿಕ್ಕಾಗ, "ಮೇಡಂ, ಅಕಸ್ಮಾತ್ ಒಬ್ಬರಿಗೆ ಒಂದು ಕೆಲಸ ಒಳಗೊಳಗೇ ಇಷ್ಟ ಇದ್ರೆ, ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೆ ಲೈಬ್ರರಿ ಕೆಲಸ ಬೇಕಾ? ನೇರವಾಗಿ ಕೇಳಪ್ಪ. ಇಲ್ಲ, ಖಾಲಿ ಇಲ್ಲ."

ಮೇಷ್ಟ್ರ ಹತ್ತಿರವೂ ಹೋದೆ. "ಸಾರ್, ನಿಮ್ಮ ಮನಸ್ಸಲ್ಲಿರೋದನ್ನ ನಿಮ್ಮ ಜನಕ್ಕೆ ಒಂದು ಸಲ ಹೇಳಿದ್ರೆ…"

"ಹೇಳೋದೇನು? ಅವರಿಗೆ ನನ್ನ ಮೇಲೆ ಪ್ರೀತಿ ಇದೆ. ಒಳ್ಳೇದೇ ಹೇಳಿರ್ತಾರೆ" ಎಂದರು. ಆ ನಂಬಿಕೆಯ ಮುಖ ನೋಡಿ ಬಂದವನಿಗೆ ಮನೆಯಲ್ಲಿ ಊಟ ಸೇರಲಿಲ್ಲ. ಅಕ್ಕ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ. ಹಾಗಾದ್ರೆ ಹುಡುಗಿ. ಯಾರು ಹೇಳು" ಎಂದಳು. ಐವತ್ತು ದಾಟಿದ ಮಣ್ಣಿನ ಪ್ರಾಧ್ಯಾಪಕ ಎಂದು ಹೇಳುವ ಹಾಗಿರಲಿಲ್ಲ.

ಸಮಿತಿಯ ನಿಯಮದಲ್ಲಿ ಒಂದು ಕ್ರಮವಿತ್ತು. ವರದಿ ಮಂಡಳಿಗೆ ಹೋಗುವ ಮೊದಲು ಹೇಳಿಕೆ ಕೊಟ್ಟವರೆಲ್ಲರ ಎದುರು, ಮೌಲ್ಯಮಾಪನಕ್ಕೊಳಗಾದವರ ಎದುರೂ, ಅದನ್ನು ಗಟ್ಟಿಯಾಗಿ ಓದಬೇಕು. ಸತ್ಯಾಂಶದಲ್ಲಿ ತಪ್ಪಿದ್ದರೆ ಅಲ್ಲೇ ತಿದ್ದಬಹುದು. ಓದುವ ಕೆಲಸ ನನ್ನ ಪಾಲಿಗೆ ಬಂತು. "ಟೈಪ್ ಮಾಡಿದೋರು ನೀವು, ಎಡವದೆ ಓದ್ತೀರ" ಎಂದರು ಅಧ್ಯಕ್ಷೆ.

ಉದ್ದ ಮೇಜಿನ ಸಭಾಕೋಣೆ. ಮೇಷ್ಟ್ರು ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೋಳು ಇಳಿಬಿಟ್ಟು ಗುಂಡಿ ಹಾಕಿ ಬಂದಿದ್ದರು. ನಾನು ಓದಿದೆ. ಓದುವ ಕೋಣೆ, ಬಿಸಿನೀರು, ಬಸ್ಸು ಬಂದಾಗ ಅವರವರು ತಮ್ಮ ತಮ್ಮ ಹೆಸರಿಗೆ ನೆಟ್ಟಗೆ ಕೂತರು. ಬೇಸಿನ್ನಿನ ಪುಸ್ತಕ, ಹೊಟ್ಟೆಯ ಚಿತ್ರ, ತೂರದ ಗೇಟು ಬಂದಾಗ ಮೇಷ್ಟ್ರು ಪ್ರತಿಯೊಂದಕ್ಕೂ ಸರಿ ಎನ್ನುವಂತೆ ತಲೆದೂಗಿದರು. ಆದರೆ ಪ್ರತಿ ಸಲವೂ ತಲೆ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತ ಹೋಯಿತು. ಕೊನೆಯ ವಾಕ್ಯವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. 'ಇವರನ್ನು ಖಾಯಂಗೊಳಿಸಲು ಶಿಫಾರಸು ಮಾಡುವಂಥ ಆಧಾರ ಸಮಿತಿಗೆ ದೊರೆತಿಲ್ಲ.'

ಲೈಬ್ರೇರಿಯನ್ ಮೇಡಂ ಮೇಷ್ಟ್ರ ಕಡೆ ತಿರುಗಿ ನಕ್ಕರು. ತುಂಬ ದಿನದಿಂದ ಕೂಡಿಸಿ ತಂದ ಉಡುಗೊರೆಯನ್ನು ಕೈಗಿಡುವವರ ನಗು ಅದು. ವಾರ್ಡನ್ ಕಣ್ಣೊರೆಸಿಕೊಂಡರು.

"ನೀವೇನಾದ್ರೂ ಹೇಳೋದಿದೆಯಾ?" ಅಧ್ಯಕ್ಷೆ ಕೇಳಿದರು.

"ಇಲ್ಲ. ಎಲ್ಲ ಸರಿಯಾಗೇ ಇದೆ."

"ನೀವು ಮಾಡಿದ ಒಂದಾದ್ರೂ ಒಳ್ಳೇ ಕೆಲಸ ಹೇಳಿ."

ಮೇಷ್ಟ್ರು ಯೋಚಿಸಿದರು. "ಓದೋ ಕೋಣೆ… ಅದು ಇವರದ್ದು. ಬಿಸಿನೀರಿಗೆ ಓಡಾಡಿದ್ದು ವಾರ್ಡನ್ನು. ಬಸ್ಸು…"

"ಬಿಡಿ." ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. "ಈ ಜವಾಬ್ದಾರಿ ಬಿಟ್ಟುಕೊಡೋದು ನಿಮಗೂ ಸಮಾಧಾನಾನೇ ಅಂತ ನನಗೆ ಇಲ್ಲಿಯವರೆಲ್ಲ ಹೇಳಿದಾರೆ. ಹೌದು ತಾನೆ?"

ಹೌದು ಎಂದುಬಿಟ್ಟಿದ್ದರೆ ಮುಗಿದಿತ್ತು. ಮರ್ಯಾದೆಗೂ ಅದೇ ಸುಲಭದ ದಾರಿ. ನಾನು ಅವರನ್ನೇ ನೋಡುತ್ತಿದ್ದೆ. ನನ್ನ ಜೀವಮಾನದಲ್ಲಿ ಯಾರನ್ನೂ ಅಷ್ಟು ಗಟ್ಟಿಯಾಗಿ ನೋಡಿರಲಿಲ್ಲ.

"ಇಲ್ಲ" ಎಂದರು.

"ಇಲ್ಲ ಅಂದ್ರೆ?"

"ನನಗೆ ಬೇಕಿತ್ತು."

"ಏನು ಬೇಕಿತ್ತು?" ಲೈಬ್ರೇರಿಯನ್ ಕೇಳಿದರು. ನಗು ಇನ್ನೂ ಮುಖದ ಮೇಲೇ ಇತ್ತು, ಇಳಿಯಲು ಮರೆತು.

"ಈ ಕೆಲಸ. ತುಂಬಾ ಇಷ್ಟ ಆಗಿತ್ತಮ್ಮ."

ಆಮೇಲೆ ಎಲ್ಲರೂ ಒಟ್ಟಿಗೆ ಅವರ ಮೇಲೆ ಮುಗಿಬಿದ್ದರು.

"ಮತ್ತೆ ಬಂಗಲೆಗೆ ಯಾಕೆ ಬರಲಿಲ್ಲ ನೀವು?"

"ಪ್ರಭಾರದವನು ಹೋಗಿ ಅಲ್ಲಿ ಕೂತ್ರೆ ಆಸೆಬುರುಕ ಅಂತೀರಲ್ಲ."

"ದಿನಾ ಸಂಜೆ ಆ ಮಣ್ಣಿನ ರೂಮಲ್ಲಿ ಕೂತು ಏನು ಮಾಡ್ತಿದ್ರಿ ಹಾಗಾದ್ರೆ?" ಇದು ವಾರ್ಡನ್.

"ಅಲ್ಲಿ ಯಾರೂ ಬರಲ್ಲ. ನಾಳೆ ಇಲ್ಲಿ ಏನು ಮಾಡೋದು ಅಂತ ಯೋಚನೆ ಮಾಡ್ತಿದ್ದೆ."

"ಅಯ್ಯೋ ನಿಮ್ಮ!" ಲೈಬ್ರೇರಿಯನ್ ಎದ್ದು ನಿಂತರು. "ಮೇಡಂ, ನನ್ನ ಹೇಳಿಕೆ ಹರಿದು ಹಾಕಿ. ನಾನು ಬೇರೆ ಕೊಡ್ತೀನಿ."

"ಹೇಳಿಕೆ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ" ಎಂದರು ಅಧ್ಯಕ್ಷೆ. "ಸತ್ಯಾಂಶ ತಪ್ಪಿದ್ರೆ ತಿದ್ದಬಹುದು."

"ಹಾಗಾದ್ರೆ ಬರ್ಕೊಳ್ಳಿ. ಆ ಕಿಂಡಿ ನನ್ನದು. ಬೇಸಿನ್ ಇರೋ ಗೋಡೆಗೇ ಕೊರೀರಿ ಅಂತ ಬೆರಳು ಮಾಡಿ ತೋರಿಸಿದ್ದು ಈ ಕೈಯೇ!"

"ಗೇಟು ನನ್ನದು ಮೇಡಂ" ಎಂದರು ಬಸ್ಸಿನವರು. "ಬಸ್ಸು ಅಳೆದೆ. ಪಕ್ಕದ ಕನ್ನಡಿ ಬಿಟ್ಟು ಅಳೆದೆ."

"ಕಪ್ಪು ಬಣ್ಣ ನಂದೇ, ಹೊಟ್ಟೇನೂ ನಂದೇ!" ವಾರ್ಡನ್ನರ ಕೂಗಿಗೆ ಕಿಟಕಿಯ ಗಾಜು ನಡುಗಿತು.

ಮೇಷ್ಟ್ರಿಗೆ ಸಿಟ್ಟು ಬಂದದ್ದನ್ನು ಅವತ್ತೇ ಎಲ್ಲರೂ ನೋಡಿದ್ದು. "ಕೂತ್ಕೊಳ್ಳಿ ಎಲ್ಲ! ಕೆಟ್ರೆ ನನ್ನ ಹೆಸರು ಅಂತ ಮಾತಾಗಿತ್ತು ತಾನೆ? ಈಗ ಮಾತು ಮುರೀತೀರಾ?"

"ನೀವು ಸುಮ್ನಿರಿ ಸಾರ್!" ಎಂದು ಲೈಬ್ರೇರಿಯನ್ ಗದರಿಸಿದ ರೀತಿಗೆ ಕುಲಪತಿಗಳು ಕೂತುಬಿಟ್ಟರು.

ನಾನು ಅಲ್ಲೇ ತಿದ್ದಿ ಟೈಪ್ ಮಾಡಿದೆ. ತಿದ್ದುಪಡಿ ಮುಗಿದ ಮೇಲೆ ಅಧ್ಯಕ್ಷೆ ಹಾಳೆ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಒಳ್ಳೆಯದು ಮೊದಲೇ ಬೇರೆಯವರದಾಗಿತ್ತು, ಈಗ ಕೆಟ್ಟದ್ದೂ ಬೇರೆಯವರ ಪಾಲಾಗಿ, ಮೇಷ್ಟ್ರ ಹೆಸರಿನ ಮುಂದೆ ಬಿಳಿ ಕಾಗದ ಬಿಟ್ಟು ಏನೂ ಉಳಿದಿರಲಿಲ್ಲ.

"ಈ ಎರಡು ವರ್ಷ ಈ ಮನುಷ್ಯ ಇಲ್ಲಿ ಇದ್ರೇನ್ರೀ?" ಎಂದು ಕೇಳಿದರು.

ಲೈಬ್ರೇರಿಯನ್ ಮೆಲ್ಲಗೆ ಹೇಳಿದರು: "ಇದ್ರು ಮೇಡಂ. ನೀವು ನಾನಾಗಿದ್ರೆ ಏನು ಮಾಡ್ತಿದ್ರಿ ಅಂತ ಅವರು ಬಂದು ಕೇಳೋ ತನಕ, ಇಷ್ಟು ವರ್ಷದ ನೌಕರೀಲಿ ಆ ಮಾತು ನನ್ನನ್ನ ಯಾರೂ ಕೇಳಿರಲಿಲ್ಲ. ನನ್ನ ಗಂಡ ಇವತ್ತಿಗೂ ಕೇಳಿಲ್ಲ."

"ಇದನ್ನ ಟೈಪ್ ಮಾಡಿ" ಎಂದರು ಅಧ್ಯಕ್ಷೆ ನನ್ನ ಕಡೆ ತಿರುಗಿ. "ಗಂಡನ ವಿಷಯ ಬಿಟ್ಟು." ಉಳಿದ ಇಬ್ಬರು ಸದಸ್ಯರು ತಲೆಯಾಡಿಸಿದರು.

ವರದಿಯ ಕೊನೆಯ ಪುಟ ಬದಲಾಯಿತು. ನಾಯಕತ್ವದ ವಿಭಾಗದಲ್ಲಿ ಅಧ್ಯಕ್ಷೆ ಹೇಳಿ ಬರೆಸಿದ್ದು ಹೀಗಿತ್ತು: 'ತಮ್ಮ ಸಿಬ್ಬಂದಿಗೆ ಏನು ಬೇಕೆಂದು ತಿಳಿಯುವುದರಲ್ಲಿ ಇವರು ಅಸಾಧಾರಣರು. ತಮಗೆ ಏನು ಬೇಕೆಂದು ತಿಳಿಸುವುದರಲ್ಲಿ ಗಂಭೀರ ಲೋಪವಿದೆ. ಅದರಿಂದ ಸಂಸ್ಥೆ ಒಬ್ಬ ಕುಲಪತಿಯನ್ನು ಕಳೆದುಕೊಳ್ಳುವುದರಲ್ಲಿತ್ತು. ಖಾಯಂಗೊಳಿಸಬಹುದು. ವಾರದ ಸಭೆಯಲ್ಲಿ ತಮಗೆ ಬೇಕಾದುದನ್ನು ತಾವೇ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡತಕ್ಕದ್ದು.' ಮಂಡಳಿ ಒಪ್ಪಿತು.

ಸುದ್ದಿ ಕೇಳಿ ಮೇಷ್ಟ್ರ ಹೆಂಡತಿ ಮೊದಲು ಸಂತೋಷಪಡಲಿಲ್ಲವಂತೆ, ರೇಗಿದರಂತೆ. "ಎರಡು ವರ್ಷ ನಿಮಗೋಸ್ಕರ ಮರುಗಿದೆನಲ್ಲ, ಅದೆಲ್ಲ ದಂಡ ತಾನೆ?" ಲೈಬ್ರೇರಿಯನ್ನಂತೂ ಒಂದು ವಾರ ಅವರೊಡನೆ ಮಾತು ಬಿಟ್ಟರು. "ಮೊದಲೇ ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದು ಕಪಾಟುಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿಕೊಂಡು ಓಡಾಡಿದರು. ನನಗೆ ಮೊದಲೇ ಗೊತ್ತಿತ್ತು ಎಂದು ತಿಳಿದ ಮೇಲೆ ನನ್ನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

ನನ್ನ ಕೆಲಸ ಮುಗಿದಿತ್ತು. ಅನುಭವ ಪತ್ರ ತೆಗೆದುಕೊಳ್ಳಲು ಹೋದ ಸೋಮವಾರ, ಖಾಯಂ ಕುಲಪತಿಗಳ ಮೊದಲ ಸಭೆ ಶುರುವಾಗುವುದರಲ್ಲಿತ್ತು. "ಬನ್ನಿ, ನೀವೂ ಕೂತ್ಕೊಳ್ಳಿ" ಎಂದು ಮೇಷ್ಟ್ರು ಕೈ ಹಿಡಿದು ಎಳೆದರು. ಎಲ್ಲರೂ ಕೂತರು. ಎಲ್ಲರ ಕಣ್ಣೂ ಅವರ ಮೇಲೆ.

ಮೇಷ್ಟ್ರು ಕಿವಿಯವರೆಗೆ ಕೆಂಪಾಗಿ, ಮೇಜಿನ ಮರದ ಗೆರೆಗಳನ್ನು ನೋಡುತ್ತ ಹೇಳಿದರು: "ನನಗೆ… ಕಿಟಕಿ ಪಕ್ಕ ಕೂರೋಕೆ ಇಷ್ಟ."

ಕಿಟಕಿಯ ಪಕ್ಕದ ಕುರ್ಚಿ ಲೈಬ್ರೇರಿಯನ್ ಅವರದು. ಅವರು ಚೀಲ, ಶಾಲು, ಕೊಡೆ ಎಲ್ಲ ಬಾಚಿಕೊಂಡು ಗೊಣಗುತ್ತ ಎದ್ದರು. ಒಬ್ಬರ ಕುರ್ಚಿ ಬದಲಾದದ್ದೇ ಎಲ್ಲರ ಕುರ್ಚಿಯೂ ಬದಲಾಗಿ, ಕೋಣೆಯೆಲ್ಲ ಕುರ್ಚಿಯ ಕಾಲುಗಳನ್ನು ಎಳೆದಾಡಿದ ಸದ್ದು. ಮೇಷ್ಟ್ರು ಹೋಗಿ ಕಿಟಕಿಯ ಪಕ್ಕ ಕೂತರು. ಮುಖಕ್ಕೆ ಬಿಸಿಲು ಬಿತ್ತು. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಹೊರಗೆ ನೋಡಿದರು.

"ಇನ್ನೂ ಒಂದು ಹೇಳ್ಲಾ?"

"ಹೇಳಿ, ಹೇಳಿ" ಎಂದರು ಲೈಬ್ರೇರಿಯನ್, ಹೊಸ ಜಾಗದಲ್ಲಿ ಚೀಲ ಸರಿಪಡಿಸಿಕೊಳ್ಳುತ್ತ. "ಶುರು ಹಚ್ಕೊಂಡಿದೀರ, ಪೂರ್ತಿ ಹೇಳಿಬಿಡಿ."

"ಈ ಸಭೆಗೆ ತರಿಸೋ ಟೀ. ಅದು ಸ್ವಲ್ಪ ಬಿಸಿಯಾಗಿದ್ರೆ ಚೆನ್ನಾಗಿತ್ತು."

ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ತಣ್ಣನೆಯ ಟೀಯನ್ನು ಉಳಿದವರಿಗೆಲ್ಲ ಹಾಗೇ ಇಷ್ಟವೆಂದುಕೊಂಡು ಪ್ರತಿಯೊಬ್ಬರೂ ಎರಡು ವರ್ಷದಿಂದ ಮುಖ ಮುರಿಯದೆ ಕುಡಿದಿದ್ದರು. ವಾರ್ಡನ್ ಎದ್ದು, ಬಾಗಿಲು ತೆಗೆದು, ಕ್ಯಾಂಟೀನಿನವರೆಗೂ ಕೇಳಿಸುವ ಹಾಗೆ ಕೂಗು ಹಾಕಿದರು.